ಗೆಲ್ಲೋದು ಕಷ್ಟ ಅನ್ನಿಸುವ ಉಪಚುನಾವಣೆಯಲ್ಲಿ ಪಕ್ಷೇತರರು ಪ್ರಚಾರ ಎಲ್ಲಿಂದ ಶುರು ಮಾಡಬೇಕು?

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದಲ್ಲಿ ವಿಧಾನಸಭೆ ಉಪಚುನಾವಣೆಗೆ ಸ್ನೇಹಿತರು ಪಕ್ಷೇತರರಾಗಿ ನಿಲ್ಲುತ್ತಾರೆ, ದುಡ್ಡಿಲ್ಲ, 40 ಹುಡುಗರಿದ್ದಾರೆ ಅಂದಿದ್ದೀರಿ.

ಮೊದಲು ಇಡೀ ಕ್ಷೇತ್ರ ಸುತ್ತುವ ಆಸೆ ಬಿಡಿ. ಹಿಂದಿನ ಚುನಾವಣೆಯ ನಮೂನೆ 20 ತೆಗೆಸಿ ನೋಡಿ, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನೋದು ಅದರಲ್ಲಿದೆ. ಪೈಪೋಟಿ ಬಿಗಿಯಾಗಿದ್ದ, ನಿಮ್ಮ ಹುಡುಗರಿಗೆ ನೆಂಟರಿಷ್ಟರಿರುವ 60 ಬೂತ್ ಸಾಕು. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಬೇಕು. 1.5 ಲಕ್ಷ ಮತ ಬಿದ್ದರೆ 25 ಸಾವಿರ ದಾಟಬೇಕು. ಆ 60 ಬೂತಿನಲ್ಲಿ ತಲಾ 300 ಬಂದರೂ 18 ಸಾವಿರವೇ. ಉಳಿದದ್ದು ಎಲ್ಲಿಂದ ಅಂತ ಮೊದಲೇ ಕೂತು ಲೆಕ್ಕ ಹಾಕಿ.

ಪಕ್ಷೇತರರು ಎಡವುವುದು ನಾಮಪತ್ರದಲ್ಲೇ. ಅದೇ ಕ್ಷೇತ್ರದ ಮತದಾರರಾದ 10 ಸೂಚಕರು, ಅಂದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಬೇಕು. 10 ಜನರ ಹೆಸರು, ಕ್ರಮಸಂಖ್ಯೆ ಮತಪಟ್ಟಿಯ ಜೊತೆ ತಾಳೆ ನೋಡಿ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದ (ಅಫಿಡವಿಟ್) ಯಾವ ಕಾಲಮ್ಮೂ ಖಾಲಿ ಬಿಡಬೇಡಿ, 'ಇಲ್ಲ' ಅಂತಾದರೂ ಬರೆಯಿರಿ. ಚುನಾವಣಾ ಖರ್ಚಿನ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮುಂಚೆಯಾದರೂ ತೆರೆಯಿರಿ.

ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿ ಗಡುವು ಮುಗಿದ ಮೇಲೆ. ಆಮೇಲೆ ಉಳಿಯುವುದು ಹೆಚ್ಚುಕಮ್ಮಿ ಎರಡು ವಾರ. ಅದಕ್ಕೂ ಮುಂಚೆ ಕರಪತ್ರ ಅಚ್ಚು ಹಾಕಿಸಿದರೆ ದುಡ್ಡು ದಂಡ. ಹಾಗಾಗಿ ಮೊದಲು ಮುಖ, ಹೆಸರು ಪರಿಚಯವಾಗಲಿ. ಚಿಹ್ನೆ ಸಿಕ್ಕ ದಿನದಿಂದ ಅದೊಂದೇ ಹೇಳಿ.

ಒಂಟಿ ಮನೆಗಳ ಊರಲ್ಲಿ ಮೈಕಿನ ಗಾಡಿಯಿಂದ ಪ್ರಯೋಜನ ಕಮ್ಮಿ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಬರುವವರ ಹತ್ತಿರ ಹತ್ತು ನಿಮಿಷ ಮಾತಾಡಿ. ಅಡಿಕೆ ಕೊಯ್ಲಿನ ಕಾಲವಾದರೆ ಸಂಜೆ ಅಡಿಕೆ ಸುಲಿಯುವ ಅಂಗಳಕ್ಕೆ ಹೋಗಿ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರ ಕೈ ನಿಲ್ಲುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ನಿಂತು ಭಾಷಣ ಮಾಡಬೇಡಿ, ಕೂತು ಕೇಳಿ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿ, ಅಡಿಕೆಯ ಎಲೆಚುಕ್ಕಿ ರೋಗ, ಶರಾವತಿ ಮುಳುಗಡೆಯವರ ಹಕ್ಕುಪತ್ರ, ಇವುಗಳಲ್ಲಿ ಆ ಊರಿನದ್ದು ಯಾವುದೋ ಅದನ್ನೇ ಹಿಡಿಯಿರಿ.

ಉಪಚುನಾವಣೆ ಆಳುವವರದ್ದೇ ಅನ್ನುವ ಮಾತಿಗೆ ಹೆದರಬೇಡಿ. ಆಗ ಆಳುತ್ತಿದ್ದ ಬಿಜೆಪಿಯ ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಬಿಟ್ಟುಕೊಟ್ಟ ಉಡುಪಿ–ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು 2012ರಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದರು. ಆದರೆ ಅವರು ಹಳೆಯ, ಗುರುತಿನ ಮುಖ, ಬೆನ್ನಿಗೆ ಪಕ್ಷವೂ ಇತ್ತು. ನಿಮಗೆ ಅವೆರಡೂ ಇಲ್ಲ.

ಮತದಾನದ ದಿನ ಪ್ರತಿ ಬೂತಿನಲ್ಲೂ ಏಜೆಂಟ್ ಇರಲೇಬೇಕು. ಮತಯಂತ್ರ ಪರೀಕ್ಷಿಸುವ ಅಣಕು ಮತದಾನ ಶುರುವಾಗುವುದು ಮತದಾನಕ್ಕೆ 90 ನಿಮಿಷ ಮುಂಚೆ, ಕತ್ತಲಲ್ಲೇ ಹೊರಡಬೇಕು. ಕೊನೆಗೆ ಆ ಬೂತಿನಲ್ಲಿ ಎಷ್ಟು ಮತ ಬಿತ್ತು ಅನ್ನುವ ಲೆಕ್ಕದ ನಮೂನೆ 17ಸಿ ಪ್ರತಿ ಕೈಗೆ ಬರುವ ತನಕ ಯಾರೂ ಏಳಬಾರದು. ಸೋತರೂ ಫಲಿತಾಂಶದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಿ, ಇಲ್ಲದಿದ್ದರೆ ಮೂರು ವರ್ಷ ಅನರ್ಹರಾಗಬಹುದು.