ಟ್ಯಾಬ್ ಆಮೇಲೆ, ಮೊದಲು ಓದಿಸಿ ನೋಡಿ

ನಮಸ್ಕಾರ. ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಕೆಲವು ಮಕ್ಕಳಿಗೆ ಓದಲು ಬರುವುದಿಲ್ಲ, ಸಂಘದ ದುಡ್ಡಲ್ಲಿ ಟ್ಯಾಬ್ ಕೊಡಿಸಲೋ ಟೀಚರ್ ಇಡಲೋ ಎಂದು ಕೇಳಿದ್ದೀರಿ. ನನ್ನ ಓಟು ಟೀಚರಿಗೆ.

ಇದನ್ನು ನಮ್ಮೂರಲ್ಲೇ ಪರೀಕ್ಷಿಸಿ ನೋಡಿದ್ದಾರೆ. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ಪ್ರಥಮ್ ಎಂಬ ಶಿಕ್ಷಣ ಸಂಸ್ಥೆಯ ಬಾಲಸಖಿ ಯೋಜನೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಅಳೆದರು. (ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ.) ಬಾಲಸಖಿ ಎಂದರೆ ಶಾಲೆಯ ಆಸುಪಾಸಿನ ಕೇರಿಯ ಯುವತಿಯೊಬ್ಬಳು ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕ ಕಲಿಸುವುದು. ಅಷ್ಟೇ. ಅಂಕ ಏರಿತು, ತೀರಾ ಹಿಂದಿದ್ದವರಿಗೇ ಜಾಸ್ತಿ ಲಾಭವಾಯಿತು. ವಡೋದರಾದಲ್ಲಿ ಕಂಪ್ಯೂಟರ್ ಆಟಗಳಿಂದ ಗಣಿತ ಸುಧಾರಿಸಿದ್ದೂ ನಿಜ, ಸುಳ್ಳು ಹೇಳಬಾರದು. ಆದರೆ ಆ ಆಟಗಳು ಮಗುವಿನ ಮಟ್ಟ ನೋಡಿಕೊಂಡು ಲೆಕ್ಕ ಕೊಡುತ್ತಿದ್ದವು. ಖರ್ಚಿನ ಲೆಕ್ಕದಲ್ಲಿ ಬಾಲಸಖಿಯೇ ಅಗ್ಗ.

ಮೊದಲು ಅಸರ್ (ASER, ಮಕ್ಕಳ ಕಲಿಕೆ ಅಳೆಯುವ ಸಮೀಕ್ಷೆ) ಓದು ಪರೀಕ್ಷೆ ಮಾಡಿ. ಕನ್ನಡದಲ್ಲೂ ಇದೆ: ಅಕ್ಷರ, ಪದ, ಪ್ಯಾರಾ, ಕಥೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಆಮೇಲೆ ಯಾವ ಕ್ಲಾಸು ಅಂತ ನೋಡದೆ, ಓದಿನ ಮಟ್ಟ ನೋಡಿ ಗುಂಪು ಮಾಡಿ. ಡೊಂಬಿವಲಿಯಲ್ಲಿ ಭಾನುವಾರದ ಪಾಠ ಶುರು ಮಾಡಿದಾಗ ನಾನು ಸುಮ್ನೆ ಪುಸ್ತಕ ಹಿಡಿದು ಕೂತೆ. ಎರಡು ತಿಂಗಳು ದಂಡ. ಅರ್ಧ ಮಕ್ಕಳು ಒತ್ತಕ್ಷರದಲ್ಲೇ ಸಿಕ್ಕಿಕೊಂಡಿದ್ದರು, ನನಗೆ ಗೊತ್ತೇ ಆಗಿರಲಿಲ್ಲ.

ಟೀಚರ್ ಹುಡುಕಲು ದೂರ ಹೋಗಬೇಡಿ. ಅಲ್ಲೇ ಚಾಳಿನಲ್ಲಿ ಹನ್ನೆರಡನೇ ಮುಗಿಸಿ ಮನೆಯಲ್ಲಿರುವ ಕನ್ನಡದ ಹುಡುಗಿಯರು ಇರುತ್ತಾರಲ್ವಾ, ಅವರನ್ನು ಕೇಳಿ.