ಹಳೆ ಪಿಕಪ್‌ಗೆ ಮುಂದಿನ ರಿಸೀವರ್ ಹಿಚ್: ಪೈಪಿಗಿಂತ ಬೋಲ್ಟುಗಳ ಅಂತರ ನೋಡಿ

ಕೇಳಿರುವುದು ಇಷ್ಟು: ಗಾಡಿ ಹಳೆ ಲ್ಯಾಡರ್ ಚಾಸಿ (ಏಣಿಯಂತೆ ಎರಡು ಉದ್ದ ರೈಲುಗಳಿರುವ ಅಡಿಕಟ್ಟು) ಪಿಕಪ್, ಅದರ ಮುಂದೆ ರಿಸೀವರ್ ಹಿಚ್ (ಟ್ರೇಲರ್ ಬಾಲ್, ವಿಂಚ್ ಸಿಕ್ಕಿಸುವ ಚೌಕ ಕೊಳವೆ) ಹಾಕಲು ಸಿದ್ಧ ಕಿಟ್ ಇಲ್ಲ. ಟ್ರೇಲರನ್ನು ಮುಂದಿನಿಂದ ತಳ್ಳಿ ಶೆಡ್ಡಿಗೆ ಸೇರಿಸಬೇಕು, ಬೇಕಾದಾಗ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕೂರಿಸಬೇಕು. ಚಾಸಿಯ ಎರಡು ಮೂತಿಗಳ ನಡುವೆ ಚೌಕ ಪೈಪ್ ಅಡ್ಡ ಇಟ್ಟು ನೇರವಾಗಿ ವೆಲ್ಡ್ ಹೊಡೆದರೆ ಸಾಕೇ?

ಸಾಲದು, ಹಾಗೆ ಮಾಡಿಸಲೂ ಬೇಡಿ. ಚಾಸಿ ರೈಲಿನ ಮೇಲೆ ಅಡ್ಡಲಾಗಿ ವೆಲ್ಡ್ ಬಿದ್ದರೆ ಆ ಗೆರೆಯ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ನಾಳೆ ರೇಡಿಯೇಟರ್, ಎಂಜಿನ್ ಎಣ್ಣೆಯ ಸಂಪ್ ಬಿಚ್ಚಬೇಕಾದಾಗ ಗ್ರೈಂಡರ್ ಹಿಡಿದು ಕೂರಬೇಕು. ಎರಡು ಬದಿಗೆ ಸೈಡ್ ಪ್ಲೇಟ್, ಅವುಗಳ ನಡುವೆ ಅಡ್ಡ ಪೈಪ್, ಅದರ ಮಧ್ಯದಲ್ಲಿ ರಿಸೀವರ್, ಇಡೀ ಜೋಡಣೆ ಬೋಲ್ಟಿನಲ್ಲಿ ಬಿಚ್ಚುವಂತಿರಲಿ.

ಮೊದಲು ಚಾಸಿ ಮೂತಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಖಣ್ ಎಂದರೆ ಸರಿ; ಡಬ್ ಎಂದರೆ, ಅಥವಾ ಸ್ಕ್ರೂಡ್ರೈವರ್ ತುದಿಗೆ ಪದರ ಪದರವಾಗಿ ಎದ್ದರೆ ಹಿಚ್ ಯೋಚನೆ ಪಕ್ಕಕ್ಕಿಡಿ, ಮೊದಲು ಚಾಸಿ ರಿಪೇರಿ. ಬಾಕ್ಸ್ ರೈಲು (ನಾಲ್ಕೂ ಕಡೆ ಮುಚ್ಚಿದ ಚಾಸಿ ರೈಲು) ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಬಣ್ಣ ನೋಡಿ ಮೋಸಹೋಗಬೇಡಿ. ಮೂತಿಯಲ್ಲಿ ಅಲೆಅಲೆಯಾದ ಮಡಿಕೆಗಳಿದ್ದರೆ ಅವು ಡಿಕ್ಕಿಯಲ್ಲಿ ಕುಸಿಯಲೆಂದೇ ಮಾಡಿದವು. ಅವುಗಳ ಮೇಲೆ ಹಾದುಹೋಗುವ ಗಟ್ಟಿ ಪ್ಲೇಟ್ ಹಾಕಿದರೆ ಏಟು ನೇರ ಒಳಗೆ ಹೋಗುತ್ತದೆ. ಏರ್‌ಬ್ಯಾಗ್ ಸೆನ್ಸರ್ ಅಲ್ಲೇ ಕೂತಿದ್ದರೆ ಈ ಕೆಲಸಕ್ಕೇ ಕೈ ಹಾಕದಿರುವುದು ಒಳ್ಳೆಯದು.

ಎಡ ಬಲ ಪ್ಲೇಟ್ ಒಂದೇ ಅಳತೆ ಎಂದುಕೊಂಡು ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಸ್ಟೇರಿಂಗ್ ಬಾಕ್ಸ್ ಇರುವ ಬದಿಯಲ್ಲಿ ಜಾಗ ಬೇರೆ. ಎರಡಕ್ಕೂ ಬೇರೆ ಬೇರೆ ರಟ್ಟಿನ ಅಚ್ಚು ಮಾಡಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಹೊರಟು ಚಕ್ರ ತಿರುಗಿಸುವ ತೋಳು) ಎಲ್ಲಿಯವರೆಗೆ ಬರುತ್ತದೆ ನೋಡಿ. ಮುಂದಿನ ಆಕ್ಸಲ್ ಪೂರ್ತಿ ಮೇಲೆ ಬಂದಾಗಲೂ ಕನಿಷ್ಠ 25 ಮಿ.ಮೀ. ಸಂದು ಉಳಿಯಬೇಕು.

ಪ್ಲೇಟ್ 10 ಮಿ.ಮೀ. ದಪ್ಪ ಇರಲಿ. ಕಂಪನಿಯವರು ಬಂಪರ್ ಬ್ರಾಕೆಟ್ಟಿಗೆ, ಟೋ ಹುಕ್ಕಿಗೆ ಕೊಟ್ಟ ತೂತುಗಳನ್ನೇ ಮೊದಲು ಬಳಸಿ. ಸಾಲದಿದ್ದರೆ ರೈಲಿನ ನಿಂತ ಮೈಯಲ್ಲಿ ತೂತು ಹಾಕಿ. ಮೇಲಿನ, ಕೆಳಗಿನ ಅಂಚುಪಟ್ಟಿಯಲ್ಲಿ ಬೇಡವೇ ಬೇಡ, ಬಾಗುವ ಒತ್ತಡ ಹೆಚ್ಚು ಬೀಳುವುದು ಅಲ್ಲೇ. ಬದಿಗೆ ಕನಿಷ್ಠ ನಾಲ್ಕು ಬೋಲ್ಟ್, ಎಂ12 (12 ಮಿ.ಮೀ. ದಪ್ಪ), 10.9 ದರ್ಜೆ (ಬೋಲ್ಟಿನ ಬಲದ ಗುರುತು).

ಬೋಲ್ಟುಗಳ ನಡುವಿನ ಅಂತರವೇ ಇಡೀ ಹಿಚ್ಚಿನ ಶಕ್ತಿ. ಒಂದು ಬದಿಯ ಪ್ಲೇಟಿಗೆ 100 ಕೆ.ಜಿ. ಭಾರ ಮುಂದಿನ ಬೋಲ್ಟಿನಿಂದ 400 ಮಿ.ಮೀ. ಆಚೆ ಬಿತ್ತು ಎನ್ನಿ. ಹಿಂದಿನ ಬೋಲ್ಟ್ 100 ಮಿ.ಮೀ. ದೂರದಲ್ಲಿದ್ದರೆ ಅದರ ಮೇಲೆ 400 ಕೆ.ಜಿ., ಮುಂದಿನದರ ಮೇಲೆ 500 ಕೆ.ಜಿ. ಅದೇ ದೂರ 250 ಮಿ.ಮೀ. ಆದರೆ 160 ಮತ್ತು 260. ಅದಕ್ಕೇ ಪ್ಲೇಟನ್ನು ದಪ್ಪ ಮಾಡುವ ಬದಲು ಹಿಂದಕ್ಕೆ ಉದ್ದ ಮಾಡಿ.

ಸಿ ಆಕಾರದ ರೈಲಾದರೆ ಒಳಗೆ 6 ಮಿ.ಮೀ. ಬೆಂಬಲ ಪ್ಲೇಟ್ ಕೊಡಿ. ಬಾಕ್ಸ್ ರೈಲಿನಲ್ಲಿ ಬೋಲ್ಟ್ ಆರಪಾರ ಹೋಗುವುದಾದರೆ ಒಳಗೆ ಸ್ಲೀವ್ ಪೈಪ್ ಬೇಕೇ ಬೇಕು, ಇಲ್ಲದಿದ್ದರೆ ಬಿಗಿದಷ್ಟೂ ರೈಲು ಒಳಕ್ಕೆ ಕುಗ್ಗುತ್ತದೆ, ಬೋಲ್ಟ್ ಎಂದೂ ಬಿಗಿಯಾಗುವುದಿಲ್ಲ. ಕೈ ಹೋಗದ ಕಡೆ ಗಟ್ಟಿ ತಂತಿಯ ತುದಿಯನ್ನು ಸುರುಳಿ ಮಾಡಿ ಬೋಲ್ಟಿನ ತಿರುಪು ಗೆರೆಗಳಿಗೆ ಸುತ್ತಿ, ರೈಲಿನ ತೆರೆದ ಬಾಯಿಂದ ಎಳೆದು ತೂತಿಗೆ ತನ್ನಿ. ತೂತು 4, 8, ಆಮೇಲೆ 13 ಮಿ.ಮೀ., ಎಣ್ಣೆ ಬಿಡುತ್ತಾ ನಿಧಾನ ವೇಗದಲ್ಲಿ. ಗ್ಯಾಸ್ ಕಟರಿನಿಂದ ತೂತು ಹೊಡೆಯಬೇಡಿ.

ಇನ್ನು ರಿಸೀವರ್. ಒಳಗಾತ್ರ 2 ಇಂಚು, ಹೊರಗೆ 2.5 ಇಂಚು, ಗೋಡೆ ಕಾಲು ಇಂಚು, ಪಿನ್ ತೂತು 16 ಮಿ.ಮೀ. ಲೆಕ್ಕಕ್ಕೆ ಸಾಮಾನ್ಯ ಚೌಕ ಪೈಪ್ ಸರಿಹೊಂದಬೇಕು, ಆದರೆ ಒಳಗಿನ ವೆಲ್ಡ್ ಜೋಡಿನ ಉಬ್ಬು ಶ್ಯಾಂಕ್ (ರಿಸೀವರಿನೊಳಗೆ ತೂರುವ ಚೌಕ ದಂಡ) ಹೋಗಲು ಬಿಡುವುದಿಲ್ಲ, 300 ಮಿ.ಮೀ. ಆಳಕ್ಕೆ ಅದನ್ನು ಅರದಿಂದ ಉಜ್ಜಲೂ ಆಗದು. ಉಬ್ಬು ತೆಗೆದ, ಬಾಯಿಗೆ ಕಾಲರ್ ಇರುವ ರಿಸೀವರ್ ಪೈಪನ್ನೇ ಕೊಳ್ಳಿ. ಎತ್ತರ ಹಿಂದಿನ ಹಿಚ್ಚಿನಷ್ಟೇ ಇದ್ದರೆ ಅದೇ ಬಾಲ್ ಮೌಂಟ್ (ಟ್ರೇಲರ್ ಕೂರುವ ಗುಂಡು ಹೊತ್ತ ದಂಡ) ಎರಡೂ ಕಡೆ ಆಗುತ್ತದೆ. ಬಂಪರಿಗಿಂತ ಬಹಳ ಕೆಳಗೆ ಇಳಿಸಿದರೆ ಏರು ಹತ್ತುವಾಗ ಮೊದಲು ನೆಲಕ್ಕೆ ಬಡಿಯುವುದು ಅದೇ.

ವಿಂಚ್ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. ಇದೇ 2.5 ಇಂಚಿನ ಪೈಪನ್ನು 750 ಮಿ.ಮೀ. ಅಡ್ಡಕ್ಕೆ ಹಾಕಿ ಮಧ್ಯದಲ್ಲಿ 4 ಟನ್ ಎಳೆದರೆ ಚದರ ಮಿ.ಮೀ.ಗೆ ಸುಮಾರು 300 ನ್ಯೂಟನ್ ಒತ್ತಡ ಬರುತ್ತದೆ. ಸಾಧಾರಣ ಮೈಲ್ಡ್ ಸ್ಟೀಲ್ 250ರ ಹೊತ್ತಿಗೇ ಬಾಗಲು ಶುರು. 2 ಟನ್ನಿಗೆ ಅದು 150ರ ಆಸುಪಾಸು, ನಡೆಯುತ್ತದೆ. ವಿಂಚಿನ ಹಗ್ಗ ಸುತ್ತುವ ಡ್ರಮ್ ರಿಸೀವರಿಗಿಂತ ಮೇಲಿರುವುದರಿಂದ ತಿರುಚುವ ಬಲ ಬೇರೆ ಸೇರುತ್ತದೆ, ಅದು ಈ ಲೆಕ್ಕದಲ್ಲಿಲ್ಲ. ಹಾಗಾಗಿ ರಿಸೀವರಿನ ಎರಡೂ ಬದಿಯಿಂದ ಹಿಂದಕ್ಕೆ ಓರೆಯಾಗಿ ಸೈಡ್ ಪ್ಲೇಟಿಗೆ ಒಂದೊಂದು 50×50×5 ಪೈಪ್ ಊರೆ ಕೊಡಿ. ಕೊಟ್ಟ ಮೇಲೂ ಪಕ್ಕಕ್ಕೆ ಎಳೆಯಬೇಡಿ. ಹೊರಚಾಚಿದ ವಿಂಚಿನಲ್ಲಿ ಓರೆ ಎಳೆತ ಇಡೀ ಅಡ್ಡ ಪೈಪನ್ನು ತಿರುಗಿಸುತ್ತದೆ. ಸ್ನ್ಯಾಚ್ ಬ್ಲಾಕ್ (ಹಗ್ಗ ಮರಳಿಸುವ ರಾಟೆ) ಹಾಕಿ ಹಗ್ಗ ಮರಳಿ ಗಾಡಿಗೆ ಬಂದರೆ ಕೊಕ್ಕೆಯನ್ನು ಚಾಸಿಯ ಟೋ ಹುಕ್ಕಿಗೆ ಹಾಕಿ. ಅದೇ ಹಿಚ್ಚಿಗೆ ಹಾಕಿದರೆ ಭಾರ ಇಮ್ಮಡಿ.

ವೆಲ್ಡಿಂಗ್ ಕ್ರಮ ಹೀಗಿರಲಿ. ಪ್ಲೇಟುಗಳನ್ನು ಗಾಡಿಗೆ ಬಿಗಿದು, ಅಡ್ಡ ಪೈಪ್ ಇಟ್ಟು ಟ್ಯಾಕ್ (ಹಿಡಿದಿಡುವಷ್ಟು ಚುಕ್ಕಿ ವೆಲ್ಡ್) ಮಾತ್ರ ಹಾಕಿ. ಆಗ ಬ್ಯಾಟರಿ ಬಿಚ್ಚಿರಲಿ, ಅರ್ಥ್ ಕ್ಲಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ. ಆಮೇಲೆ ಇಳಿಸಿ ಬೆಂಚಿನ ಮೇಲೆ ಪೂರ್ತಿ ವೆಲ್ಡ್. ಪ್ಲೇಟಿನ ಅಂಚಿಗೆ 3 ಮಿ.ಮೀ. ಓರೆ ಹೊಡೆದು, ಒಣಗಿಸಿದ 7018 ವೆಲ್ಡಿಂಗ್ ರಾಡು 3.2 ಮಿ.ಮೀ.ನಲ್ಲಿ ಬೇರು ಗೆರೆ, ಅದರ ಮೇಲೆ ತುಂಬು ಗೆರೆ. ಸಣ್ಣ ಮಿಗ್ (ತಂತಿ ಹರಿಸಿ ಬೆಸೆಯುವ) ಯಂತ್ರದ ಗೆರೆ ನೋಡಲು ಚಂದ, 10 ಮಿ.ಮೀ. ಪ್ಲೇಟಿನೊಳಗೆ ಇಳಿದಿರುವುದಿಲ್ಲ. ರಿಸೀವರ್ ಸುತ್ತ ಒಂದೇ ಸಮನೆ ಹೊಡೆದರೆ ಪೈಪ್ ಒಳಕ್ಕೆ ಸೆಳೆಯುತ್ತದೆ. ಒಳಗೆ ಹಳೆ ಶ್ಯಾಂಕ್ ಇಟ್ಟು, ಎದುರು ಬದುರು ಗೆರೆ ಹಾಕುತ್ತಾ, ಪ್ರತಿ ಗೆರೆಯ ನಂತರ ಶ್ಯಾಂಕ್ ಅಲ್ಲಾಡುತ್ತಿದೆಯೇ ನೋಡಿ. ಬಿಗಿ ಎನಿಸಿದರೆ ನಿಲ್ಲಿಸಿ, ಆರಲು ಬಿಡಿ.

ಒಂದು ಎಚ್ಚರಿಕೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿ ವೆಲ್ಡ್ ಮಾಡಬಾರದು, ಬಿಸಿಗೆ ಫಾಸ್ಜೀನ್ ವಿಷಾನಿಲ ಬರುತ್ತದೆ. ಅಸಿಟೋನ್ ಹಚ್ಚಿ, ಪೂರ್ತಿ ಆರಿದ ಮೇಲೆ ಕಿಡಿ ಹಚ್ಚಿ. ಸತು ಲೇಪಿಸಿದ ನಟ್ ಬೆಸೆಯುವ ಮೊದಲು ಲೇಪ ತೆಗೆಯಿರಿ.

ಬಣ್ಣ ಎಷ್ಟಾದರೂ ಬಳಿಯಿರಿ, ಪ್ಲೇಟ್ ಚಾಸಿಗೆ ಕೂರುವ ಮೈಗೆ ಮಾತ್ರ ತೆಳು ಸತು ಪ್ರೈಮರ್ ಸಾಕು. ದಪ್ಪ ಬಣ್ಣ ಒತ್ತಡಕ್ಕೆ ಅಮುಕಿ ಬೋಲ್ಟ್ ಸಡಿಲಾಗುತ್ತದೆ. 10.9ರ ಎಂ12ಗೆ ಸುಮಾರು 115 ನ್ಯೂಟನ್ ಮೀಟರ್ ಬಿಗಿ ಸಾಕು, 100 ಕಿ.ಮೀ. ಓಡಿದ ಮೇಲೆ ಮತ್ತು ಮೊದಲ ಎಳೆತದ ನಂತರ ಮತ್ತೆ ನೋಡಿ.

ಸಿಕ್ಕಿಬಿದ್ದ ಗಾಡಿಯನ್ನು ಟೋ ಬಾಲಿಗೆ ಬೆಲ್ಟ್ ಹಾಕಿ ಎಳೆಯಲೇಬೇಡಿ. ಬಾಲಿನ ಕುತ್ತಿಗೆ ಮುರಿದರೆ ಅದು ಗುಂಡಿನಂತೆ ಹಾರುತ್ತದೆ. ರಿಸೀವರಿಗೆ ಕೂರುವ ಶ್ಯಾಕಲ್ ಬ್ಲಾಕ್ (ಕೊಂಡಿ ಇರುವ ಗಟ್ಟಿ ತುಂಡು) ಬಳಸಿ. ವಿಂಚ್ ಹೊತ್ತು ದೂರ ಓಡಿಸುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ರೇಡಿಯೇಟರಿಗೆ ಗಾಳಿ ಅಡ್ಡಗಟ್ಟಿರುತ್ತದೆ; ನಂಬರ್ ಪ್ಲೇಟ್, ದೀಪ ಮುಚ್ಚಿಲ್ಲ ತಾನೇ ಎಂದೂ ನೋಡಿ. ಬಾಲ್ ಮೌಂಟನ್ನು ಕೆಲಸ ಮುಗಿದ ತಕ್ಷಣ ಕಳಚಿಡಿ. ಅದು ಮೂತಿಯಲ್ಲಿ ಚಾಚಿಕೊಂಡಿದ್ದರೆ ಪೆಟ್ಟು ಬೀಳುವುದು ನಡೆದು ಹೋಗುವವರ ಮೊಣಕಾಲಿಗೆ.