ಆಂಗ್ಯುಲರ್‌ಜೆಎಸ್ ಪುಟದೊಳಗೆ ಕೂರಿಸಿದ ರಿಯಾಕ್ಟ್ ಗ್ರಾಫ್ ಟ್ಯಾಬ್ ಮುಚ್ಚಿದ ಮೇಲೂ ಓಡುತ್ತಿದೆ, ನಿಲ್ಲಿಸುವುದು ಹೇಗೆ?

ಮಂಡ್ಯದ ನಾಲೆ ನೀರಿನ ಡ್ಯಾಶ್‌ಬೋರ್ಡ್ ವೆಬ್ ಪುಟ ಕಟ್ಟುವ ಹಳೆಯ ಚೌಕಟ್ಟಾದ ಆಂಗ್ಯುಲರ್‌ಜೆಎಸ್‌ನಲ್ಲಿದೆ, ಕೆಆರ್‌ಎಸ್ ಮಟ್ಟದ ಗ್ರಾಫ್ ಮಾತ್ರ ರಿಯಾಕ್ಟ್ 18 (ಪುಟದ ಭಾಗಗಳನ್ನು ಕಟ್ಟುವ ಲೈಬ್ರರಿ) ಮತ್ತು ಗ್ರಾಫ್ ಬಿಡಿಸುವ ಚಾರ್ಟ್.ಜೆಎಸ್‌ನಲ್ಲಿದೆ, ಪುಟದೊಳಗಿನ ಟ್ಯಾಬ್ ಹತ್ತು ಸಲ ಬದಲಿಸಿದರೆ ಬ್ರೌಸರ್ ತೆವಳುತ್ತದೆ ಎಂದಿದ್ದೀರಿ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ನೋಡಿ: 5 ಸೆಕೆಂಡಿಗೆ ಒಂದು ರಿಕ್ವೆಸ್ಟ್ ಹೋಗಬೇಕಾದಲ್ಲಿ ಹತ್ತು ಹೋಗುತ್ತಿರುತ್ತವೆ.

ಎಲಿಮೆಂಟ್ ಇರಬೇಕೇ ಬೇಡವೇ ಎಂದು ಹೇಳುವ ಎನ್‌ಜಿ-ಇಫ್ ಷರತ್ತು ಸುಳ್ಳಾದಾಗ ಆಂಗ್ಯುಲರ್ ತನ್ನ ಸ್ಕೋಪ್ (ಆ ಭಾಗದ ಡೇಟಾ ಹಿಡಿದಿರುವ ವಸ್ತು) ಮುಗಿಸಿ ಎಲಿಮೆಂಟನ್ನು ಕಿತ್ತುಹಾಕುತ್ತದೆ. ಆ ಸುದ್ದಿ ರಿಯಾಕ್ಟ್‌ಗೆ ಮುಟ್ಟುವುದೇ ಇಲ್ಲ. ಯೂಸ್‌ಎಫೆಕ್ಟ್‌ನ ಕ್ಲೀನಪ್ (ಗ್ರಾಫ್ ಮುಚ್ಚುವಾಗ ಓಡಬೇಕಾದ ಫಂಕ್ಷನ್) ಓಡದೆ, 5 ಸೆಕೆಂಡಿಗೊಮ್ಮೆ ರಿಕ್ವೆಸ್ಟ್ ಕಳಿಸುವ ಸೆಟ್‌ಇಂಟರ್ವಲ್ ಮುಂದುವರಿಯುತ್ತದೆ. ವಿಂಡೋಗೆ ಕಟ್ಟಿದ ರೀಸೈಜ್ ಲಿಸನರ್ ಕಿತ್ತ ಡಾಮ್ ಮರವನ್ನೆಲ್ಲ (ಪುಟದ ಎಲಿಮೆಂಟ್‌ಗಳ ಮರ) ಮೆಮೊರಿಯಲ್ಲೇ ಹಿಡಿದಿಟ್ಟಿರುತ್ತದೆ.

ಹಾಗಾಗಿ ರಿಯಾಕ್ಟ್‌ನ ಕ್ರಿಯೇಟ್‌ರೂಟ್ ಒಂದೇ ಸಲ ಕರೆದು, ಸಿಕ್ಕ ರೂಟನ್ನು (ಗ್ರಾಫನ್ನು ತೋರಿಸಲು, ತೆಗೆಯಲು ಬೇಕಾದ ಹಿಡಿ) ಆಂಗ್ಯುಲರ್ ಕಂಟ್ರೋಲರ್‌ನಲ್ಲಿ ಇಟ್ಟುಕೊಳ್ಳಿ. ಡೇಟಾ ಬದಲಾದಾಗ ಆಂಗ್ಯುಲರ್ ಕರೆಯುವ $ಆನ್‌ಚೇಂಜಸ್ ಬಂದಾಗಲೆಲ್ಲ ಅದೇ ರೂಟಿನಲ್ಲಿ ರೆಂಡರ್, ಸ್ಕೋಪ್ ಮುಗಿಯುವಾಗ ಕರೆಯುವ $ಆನ್‌ಡಿಸ್ಟ್ರಾಯ್‌ನಲ್ಲಿ ರೂಟ್.ಅನ್‌ಮೌಂಟ್(). ಮೊದಲ $ಆನ್‌ಚೇಂಜಸ್ $ಆನ್‌ಇನಿಟ್‌ಗಿಂತ ಮುಂಚೆಯೇ ಬರುತ್ತದೆ, ಬಹಳ ಜನ ಎಡವುವುದು ಇಲ್ಲೇ. ರೂಟ್ ಇನ್ನೂ ಇಲ್ಲದಿದ್ದರೆ ಅಲ್ಲೇ ಹುಟ್ಟಿಸಿ. ಹಳೆಯ ಉತ್ತರಗಳಲ್ಲಿ ಕಾಣುವ ಅನ್‌ಮೌಂಟ್‌ಕಾಂಪೊನೆಂಟ್‌ಅಟ್‌ನೋಡ್ ಬಳಸಬೇಡಿ, ರಿಯಾಕ್ಟ್ 19ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಹಳೆಯ ಪುಟವೆಂದರೆ ಎಲ್ಲೋ ಒಂದು ಕಡೆ ಹಳೆಯ ಲೈಬ್ರರಿಯಾದ ಜೆಕ್ವೆರಿಯ ರಿಮೂವ್() ಇದ್ದೇ ಇರುತ್ತದೆ. ಅದು ಎಲಿಮೆಂಟನ್ನು ತೆಗೆದರೂ ಸ್ಕೋಪ್ ಉಳಿಯುತ್ತದೆ, $ಆನ್‌ಡಿಸ್ಟ್ರಾಯ್ ಬರುವುದಿಲ್ಲ. ಎಲಿಮೆಂಟ್ ಮೇಲೆ $ಡಿಸ್ಟ್ರಾಯ್ ಈವೆಂಟ್ ಮಾತ್ರ ಬರುತ್ತದೆ, ಅದೂ ಜೆಕ್ವೆರಿಯನ್ನು ಆಂಗ್ಯುಲರ್‌ಗಿಂತ ಮೊದಲು ಲೋಡ್ ಮಾಡಿದ್ದರೆ. ನಾನಾದರೆ ಎರಡಕ್ಕೂ ಒಂದೇ ಫಂಕ್ಷನ್ ಕಟ್ಟುತ್ತೇನೆ: ರೂಟ್ ಇದ್ದರೆ ಅನ್‌ಮೌಂಟ್ ಮಾಡಿ, ನಲ್ ಮಾಡಿ, ‘ಮುಗಿದಿದೆ’ ಎಂಬ ಫ್ಲ್ಯಾಗ್ ಹಾಕುವುದು. ಫ್ಲ್ಯಾಗ್ ಇಲ್ಲದಿದ್ದರೆ ಉಳಿದ ಸ್ಕೋಪಿನ ಮುಂದಿನ $ಆನ್‌ಚೇಂಜಸ್ ಇನ್ನೊಂದು ರೂಟ್ ಹುಟ್ಟಿಸಿಬಿಡುತ್ತದೆ. ಇನ್ನರ್‌ಎಚ್‌ಟಿಎಂಎಲ್ ಖಾಲಿ ಮಾಡುವ ಕೋಡ್ ಇದ್ದರೆ ಎರಡೂ ಬರುವುದಿಲ್ಲ. ಆ ಸಾಲನ್ನೇ ಹುಡುಕಿ ಬದಲಿಸಬೇಕು.

ಎಫೆಕ್ಟ್‌ನಿಂದ ಕ್ಲಿಯರ್‌ಇಂಟರ್ವಲ್ ಮಾಡುವ ಫಂಕ್ಷನ್ ರಿಟರ್ನ್ ಆಗದಿದ್ದರೆ ಅನ್‌ಮೌಂಟ್ ಮಾಡಿಯೂ ಉಪಯೋಗವಿಲ್ಲ. ಲಿಸನರ್ ತೆಗೆಯುವಾಗ ಸೇರಿಸಿದ ಅದೇ ಫಂಕ್ಷನ್ ಕೊಡಿ. ಹೊಸ ಆ್ಯರೋ ಫಂಕ್ಷನ್ ಬರೆದರೆ ಏನೂ ಕಳಚುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿಯ ಗೆರೆ ಎಳೆಯುವ ಚಾರ್ಟಿಗೂ ಆ ಕ್ಲೀನಪ್‌ನಲ್ಲೇ ಡಿಸ್ಟ್ರಾಯ್() ಕರೆಯಿರಿ.

ಆಮೇಲೆ ಗ್ರಾಫಿನ ಟ್ಯಾಬ್ ಒಮ್ಮೆ ತೆರೆದು ಮುಚ್ಚಿ, ಕ್ರೋಮ್‌ನ ಡೆವಲಪರ್ ಟೂಲ್ಸ್‌ನ ಮೆಮೊರಿ ವಿಭಾಗದಲ್ಲಿ ಹೀಪ್ ಸ್ನ್ಯಾಪ್‌ಶಾಟ್ (ಮೆಮೊರಿಯಲ್ಲಿ ಆಗ ಇರುವುದರ ಪಟ್ಟಿ) ತೆಗೆಯಿರಿ. ಹತ್ತು ಸಲ ತೆರೆದು ಮುಚ್ಚಿ ಇನ್ನೊಂದು ತೆಗೆಯಿರಿ. ಫಿಲ್ಟರ್‌ನಲ್ಲಿ ‘ಡಿಟ್ಯಾಚ್ಡ್’ (ಪುಟದಿಂದ ಕಿತ್ತರೂ ಮೆಮೊರಿಯಲ್ಲಿ ಉಳಿದವು) ಎಂದು ಇಂಗ್ಲಿಷಿನಲ್ಲಿ ಹುಡುಕಿ. ಎಣಿಕೆ ಹತ್ತರ ಲೆಕ್ಕದಲ್ಲಿ ಏರಿದ್ದರೆ ಯಾವುದು ಹಿಡಿದಿದೆ ಎಂಬುದು ಕೆಳಗಿನ ರಿಟೇನರ್ಸ್ ಪಟ್ಟಿಯಲ್ಲಿ ಕಾಣುತ್ತದೆ.